ಗಟ್ಟಿಮೇಳದ ಹೊತ್ತಿಗೆ ಪಿಯಾನೋ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಮದುವೆ ಮನೆಗಳಲ್ಲಿ ಈಚೆಗೆ ‘ಲೈವ್ ಪಿಯಾನೋ ಇಡಿಸೋಣ’ ಎಂಬ ಮಾತು ಕಿವಿಗೆ ಬೀಳುತ್ತಿದೆ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗಳೋ ಮಗನೋ ಕೇಳುತ್ತಾರೆ. ನಂದಿ ಬೆಟ್ಟದ ತಪ್ಪಲಿನ ಯಾವುದೋ ರೆಸಾರ್ಟಿನಲ್ಲಿ ಗೆಳತಿಯ ಮದುವೆಗೆ ಹೋಗಿದ್ದಾಗ ಕೇಳಿ ಬಂದಿರುತ್ತಾರೆ. ‘ವಾಲಗ ಇದೆಯಲ್ಲ, ಅದೆಲ್ಲ ಯಾಕೆ’ ಎಂದು ಹಿರಿಯರು ಅನ್ನುತ್ತಾರೆ. ಕೊನೆಗೆ ಎರಡನ್ನೂ ಇಡಿಸಿ, ಎರಡಕ್ಕೂ ನ್ಯಾಯ ಸಿಗದೆ ಮದುವೆ ಮುಗಿಯುತ್ತದೆ. ಪಿಯಾನೋ ನಮ್ಮದೋ ಪರರದೋ ಎಂಬ ಜಗಳದಿಂದ ಏನೂ ತೀರ್ಮಾನವಾಗುವುದಿಲ್ಲ. ಮದುವೆಯ ಶಾಸ್ತ್ರಗಳಿಗೆ ತಮ್ಮದೇ ನಡಿಗೆಯಿದೆ. ಯಾವ ಗಳಿಗೆಯಲ್ಲಿ ಯಾವ ವಾದ್ಯ ಆ ನಡಿಗೆಗೆ ಹೆಜ್ಜೆ ಕೂಡಿಸಬಲ್ಲದು ಎಂದು ಕೇಳಿಕೊಂಡರೆ ಆಯ್ಕೆ ತಾನಾಗಿ ಸ್ಪಷ್ಟವಾಗುತ್ತದೆ.

ಮುಹೂರ್ತವನ್ನೇ ನೋಡಿ. ಲಗ್ನಪತ್ರಿಕೆಯಲ್ಲಿ ಗಂಟೆ ನಿಮಿಷ ಅಚ್ಚಾಗಿರುತ್ತದೆ, ಮಂಟಪದ ಮೇಲೆ ಮಾತ್ರ ಹೊತ್ತು ಒಂದೇ ಸಮನೆ ಸಾಗುವುದಿಲ್ಲ. ಸಂಕಲ್ಪ ನಿಧಾನ. ಧಾರೆ ಎರೆಯಲು ನೆಂಟರು ಒಬ್ಬೊಬ್ಬರೇ ಬರುತ್ತಾರೆ, ಸೋದರಮಾವ ಎಲ್ಲೆಂದು ಹುಡುಕಾಟ ನಡೆಯುತ್ತದೆ. ಅಂತರಪಟದ ಆಚೆ ಈಚೆ ಜೀರಿಗೆ ಬೆಲ್ಲ ಹಿಡಿದ ಕೈಗಳು ಕಾಯುತ್ತವೆ, ಮಂಗಳಾಷ್ಟಕ ಲಗ್ನ ಕೂಡುವವರೆಗೆ ಬೆಳೆಯುತ್ತದೆ. ಆಮೇಲೆ ಎಲ್ಲವೂ ಒಂದೇ ಕ್ಷಣಕ್ಕೆ ಬಂದು ನಿಲ್ಲುತ್ತದೆ. ಪುರೋಹಿತರು ಕೈ ಎತ್ತಿ ‘ಗಟ್ಟಿಮೇಳ’ ಎಂದ ಕೂಡಲೇ ಡೋಲು ನಾದಸ್ವರ ಒಟ್ಟಿಗೆ ಏರಬೇಕು. ಆ ಹೊತ್ತಿನಲ್ಲಿ ಸೀನು, ಅಳು, ಕೆಟ್ಟ ಮಾತು ಯಾರ ಕಿವಿಗೂ ಬೀಳಬಾರದೆಂಬ ನಂಬಿಕೆ ಅದರ ಹಿಂದಿದೆ. ನಂಬದವರಿಗೂ ಅದರಿಂದ ಉಪಯೋಗವಿದೆ: ಊಟದ ಹಾಲಿನಲ್ಲಿದ್ದವರು, ಛತ್ರದ ಬಾಗಿಲಲ್ಲಿ ನಿಂತು ಮಾತಾಡುತ್ತಿದ್ದವರು, ಎಲ್ಲರೂ ತಾಳಿ ಕಟ್ಟುವ ಗಳಿಗೆ ಬಂತೆಂದು ತಿಳಿದು ಅಕ್ಷತೆ ಹಿಡಿದು ತಿರುಗುತ್ತಾರೆ.

ವಾಲಗದವರ ನಿಜವಾದ ವಿದ್ಯೆ ಇಲ್ಲಿ ಕಾಣುತ್ತದೆ. ನಾದಸ್ವರದವರ ಕಣ್ಣು ಪುರೋಹಿತರ ಕೈ ಮೇಲೇ ಇರುತ್ತದೆ. ರಾಗ ಎಲ್ಲಿದ್ದರೂ ಅಲ್ಲೇ ಬಿಟ್ಟು ಗಟ್ಟಿಮೇಳಕ್ಕೆ ಹಾರುತ್ತಾರೆ. ಮೂರನೆಯ ಗಂಟು ಬಿದ್ದ ಮೇಲೆ ಡೋಲನ್ನು ಮೆಲ್ಲಗೆ ಇಳಿಸಿ ಮತ್ತೆ ಮಂತ್ರಕ್ಕೆ ದಾರಿ ಬಿಡುತ್ತಾರೆ. ಈ ಕೆಲಸಕ್ಕೆ ಬರೆದಿಟ್ಟ ಪಾಠವಿಲ್ಲ. ನೂರಾರು ಮಂಟಪಗಳ ಪಕ್ಕದಲ್ಲಿ ಕೂತು ಬಂದ ಅಳತೆ ಅದು. ನಮ್ಮ ಕಡೆ ಈ ವಿದ್ಯೆಯನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದವರಲ್ಲಿ ಸವಿತಾ ಸಮಾಜದ ಮನೆತನಗಳು ಬಹಳ. ಅವರ ಕೈಯಲ್ಲಿರುವುದು ಮದುವೆಯ ಹಾಡುಗಳಷ್ಟೇ ಅಲ್ಲ, ಮದುವೆಯ ಇಡೀ ಕ್ರಮವೂ ಹೌದು.

ಪಿಯಾನೋ ಈ ಜಾಗದಲ್ಲಿ ಸೋಲುತ್ತದೆ. ಅದರ ಸುತ್ತಿಗೆ ತಂತಿಗೆ ಬಡಿದ ಕ್ಷಣದಿಂದಲೇ ಸ್ವರ ಕರಗತೊಡಗುತ್ತದೆ. ಉಸಿರಿನ ಬಲದಲ್ಲಿ ನಾದಸ್ವರ ಒಂದು ಸ್ವರವನ್ನು ಹಿಡಿದು ಛತ್ರದಾಚೆಗೂ ಕಳಿಸಿದಂತೆ ಅದಕ್ಕೆ ಆಗುವುದಿಲ್ಲ. ದನಿ ಏರಿಸಲು ಸ್ಪೀಕರ್ ಬೇಕು, ಸ್ಪೀಕರಿನಲ್ಲಿ ಏರಿಸಿದರೆ ಆ ವಾದ್ಯದ ಮೃದುತ್ವವೇ ಹೋಗುತ್ತದೆ. ನಾಲ್ಕು ನಿಮಿಷದ ಕೃತಿಯನ್ನು ಅಭ್ಯಾಸ ಮಾಡಿಕೊಂಡು ಬಂದ ಕಲಾವಿದರಿಗೆ ಅದನ್ನು ಎರಡನೆಯ ನಿಮಿಷದಲ್ಲಿ ಮುರಿಯುವುದು ಸಂಕಟ. ಮುರಿಯದೆ ಮುಂದುವರಿಸಿದರೆ ತಾಳಿಯ ಹೊತ್ತು ದಾಟಿಹೋಗುತ್ತದೆ. ಈ ಸೀಮೆಯ ಛತ್ರವೊಂದರಲ್ಲಿ ತಾಳಿ ಕಟ್ಟಿಯಾದ ಮೇಲೂ ಮುಹೂರ್ತದ ಮುಂಚಿನ ಸಿನಿಮಾ ರಾಗವೇ ನಡೆಯುತ್ತಿದ್ದುದನ್ನು ಕೇಳಿದ್ದೇನೆ. ಅಕ್ಷತೆ ಕೈಯಲ್ಲೇ ಉಳಿದವರು ಮುಖ ಮುಖ ನೋಡಿಕೊಂಡರು. ನುಡಿಸುತ್ತಿದ್ದ ಹುಡುಗನ ಕೈ ಒಳ್ಳೆಯದೇ. ಯಾವಾಗ ನಿಲ್ಲಿಸಬೇಕೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಇನ್ನು ಗಮಕದ ಮಾತು. ಎರಡು ಸ್ವರಗಳ ನಡುವೆ ಜಾರಿ ಹೋಗುವ ದಾರಿ ಪಿಯಾನೋದಲ್ಲಿಲ್ಲ. ಇದೇ ಕೊರತೆಯ ಕಾರಣಕ್ಕೆ ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಂ ಅನ್ನು ದೂರವಿಟ್ಟಿತ್ತು. ಹಾಗೆಂದು ಹೊರಗಿನಿಂದ ಬಂದ ವಾದ್ಯವೆಲ್ಲ ಹೊರಗೇ ಉಳಿಯಬೇಕೆಂದೇನಿಲ್ಲ. ನಾದಸ್ವರ ವಿದ್ವಾಂಸರಾದ ತನಿಯಪ್ಪನವರ ಮಗ ಕದ್ರಿ ಗೋಪಾಲನಾಥ್ (1949–2019) ಮೈಸೂರು ಅರಮನೆ ಬ್ಯಾಂಡಿನ ಸ್ಯಾಕ್ಸೋಫೋನ್ ದನಿಗೆ ಮನಸೋತು, ಆ ವಾದ್ಯವನ್ನೇ ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದರು. ಇವತ್ತು ಡೋಲಿನ ಜೊತೆ ಸ್ಯಾಕ್ಸೋಫೋನ್ ಇರುವ ಮೇಳ ನಮ್ಮ ಮದುವೆಗಳಲ್ಲಿ ಯಾರಿಗೂ ವಿಚಿತ್ರವೆನಿಸುವುದಿಲ್ಲ. ಅದು ಉಸಿರಿನ ವಾದ್ಯ, ಸ್ವರವನ್ನು ಬಾಗಿಸಬಲ್ಲದು, ಮಂಟಪದ ಗದ್ದಲವನ್ನು ಮೀರಬಲ್ಲದು. ಮಂಗಳವಾದ್ಯದ ಕೆಲಸವನ್ನು ಕಲಿತೇ ಅದು ಒಳಗೆ ಬಂತು.

ಪಿಯಾನೋ ಕನ್ನಡ ನಾಡಿಗೆ ನಿನ್ನೆ ಮೊನ್ನೆ ಬಂದದ್ದೂ ಅಲ್ಲ. ಜಯಚಾಮರಾಜ ಒಡೆಯರು ಪಾಶ್ಚಾತ್ಯ ಪದ್ಧತಿಯಲ್ಲಿ ಪಿಯಾನೋ ಕಲಿತವರು. ರಷ್ಯನ್ ಸಂಗೀತ ಸಂಯೋಜಕ ನಿಕೊಲಾಯ್ ಮೆಟ್ನರ್ ಅವರ ಕೃತಿಗಳ ಧ್ವನಿಮುದ್ರಣಕ್ಕೆ ನೆರವಾದರು, ಮೆಟ್ನರ್ ತಮ್ಮ ಮೂರನೆಯ ಪಿಯಾನೋ ಕಾನ್ಸರ್ಟೊವನ್ನು ಮಹಾರಾಜರಿಗೆ ಅರ್ಪಿಸಿದರು. ಅದೇ ಒಡೆಯರು 94 ಕೃತಿಗಳನ್ನು ರಚಿಸುವಾಗ ಸಂಪೂರ್ಣವಾಗಿ ಕರ್ನಾಟಕ ಪದ್ಧತಿಯನ್ನೇ ಹಿಡಿದರು. ಎರಡೂ ಬಲ್ಲವರಿಗೆ ಯಾವುದನ್ನು ಎಲ್ಲಿಡಬೇಕೆಂಬ ವಿವೇಕವಿತ್ತು. ಮದುವೆ ಮನೆಗೂ ಬೇಕಾದದ್ದು ಆ ವಿವೇಕ.

ಹಾಗಾದರೆ ಪಿಯಾನೋ ಎಲ್ಲಿ ಗೆಲ್ಲುತ್ತದೆ? ಗಮಕದ ಮೇಲೆ ಬದುಕದ ರಾಗಗಳಲ್ಲಿ, ಗದ್ದಲವಿಲ್ಲದ ಹೊತ್ತಿನಲ್ಲಿ. ಆನಂದಭೈರವಿ, ಸಹಾನ, ಬೇಗಡೆಯಂಥ ರಾಗಗಳನ್ನು ಅದರಲ್ಲಿ ಕೇಳಬಾರದು. ಅವುಗಳ ಎಲುಬಷ್ಟೇ ಉಳಿಯುತ್ತದೆ. ಮೋಹನ, ಹಂಸಧ್ವನಿ, ಮಧ್ಯಮಾವತಿ ಚೆನ್ನಾಗಿ ಕೂರುತ್ತವೆ. ಪಿಯಾನೋದ ಕಪ್ಪು ಮನೆಗಳನ್ನಷ್ಟೇ ಮುಟ್ಟಿಕೊಂಡು ಎಫ್ ಶಾರ್ಪ್‌ನಿಂದ ಹೊರಟರೆ ಮೋಹನ, ಜಿ ಶಾರ್ಪ್‌ನಿಂದ ಹೊರಟರೆ ಮಧ್ಯಮಾವತಿ. ಜಿ ಶಾರ್ಪ್ ಎಂದರೆ ಐದೂವರೆ ಶ್ರುತಿ, ನಮ್ಮ ಹೆಣ್ಣುಮಕ್ಕಳು ಹಾಡುವ ಶ್ರುತಿಯ ಆಸುಪಾಸು. ಮನೆಯ ಹೆಂಗಸರು ಆರತಿ ಹಾಡಿಗೆ ದನಿ ಎತ್ತಿದಾಗ ಪಿಯಾನೋ ಕೂಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಸೌಕರ್ಯ ಬೇಡ.

ಅದಕ್ಕಿಂತ ದೊಡ್ಡ ಭಂಡಾರ ಮುತ್ತುಸ್ವಾಮಿ ದೀಕ್ಷಿತರ (1775–1835) ನೊಟ್ಟುಸ್ವರ ಸಾಹಿತ್ಯ. ಮದರಾಸಿನ ಆಸುಪಾಸಿನಲ್ಲಿ ಕೇಳಿದ ಪಾಶ್ಚಾತ್ಯ ಬ್ಯಾಂಡಿನ ಧಾಟಿಗಳಿಗೆ ದೀಕ್ಷಿತರು ಸಂಸ್ಕೃತದಲ್ಲಿ ದೇವರ ಹಾಡುಗಳನ್ನು ಹೊಂದಿಸಿದರು. ಶಂಕರಾಭರಣದ ಸ್ವರಗಳು, ಗಮಕವಿಲ್ಲದ ನೇರ ನಡೆ. ಗಣಪತಿಯ ಮೇಲಿನ ಪುಟ್ಟ ಹಾಡು ಅವುಗಳಲ್ಲಿ ಹೆಚ್ಚು ಪ್ರಸಿದ್ಧ, ಸಂಗೀತ ಕಲಿಯುವ ಎಷ್ಟೋ ಮಕ್ಕಳಿಗೆ ಬಾಯಿಗೆ ಬರುತ್ತದೆ. ಪಿಯಾನೋದಲ್ಲಿ ಅದನ್ನು ನುಡಿಸಿದರೆ ವಾದ್ಯಕ್ಕೂ ನೋವಿಲ್ಲ, ಹಾಡಿಗೂ ನೋವಿಲ್ಲ, ಮದುವೆಯ ಆರಂಭಕ್ಕೆ ವಿಘ್ನೇಶ್ವರನ ಸ್ಮರಣೆಯೂ ಆಯಿತು. ಪಿಯಾನೋ ಇಡಿಸುವ ಮನೆಗಳಲ್ಲಿ ಇವು ಕಿವಿಗೆ ಬೀಳದಿರುವುದು ನನಗೆ ನಿಜಕ್ಕೂ ಬೇಸರದ ಸಂಗತಿ. ಸೀತಾಕಲ್ಯಾಣದ ಕುರಂಜಿ ರಾಗದ ಹಾಡನ್ನು ಎಲ್ಲರೂ ಕೇಳುತ್ತಾರೆ. ಅದರ ಸ್ವರಗಳು ಪಿಯಾನೋಗೆ ದಕ್ಕುತ್ತವೆ, ಆದರೆ ಹಾಡುವವರೊಬ್ಬರು ಪಕ್ಕದಲ್ಲಿದ್ದರೇ ಚೆನ್ನ. ಕಂಠ ಗಮಕವನ್ನು ಹೊತ್ತು, ಪಿಯಾನೋ ಕೆಳಗಿನಿಂದ ಆಧಾರ ಕೊಟ್ಟರೆ ಸಾಕು. ಚೆನ್ನೈನ ಅನಿಲ್ ಶ್ರೀನಿವಾಸನ್ ಮತ್ತು ಸಿಕ್ಕಿಲ್ ಗುರುಚರಣ್ ಜೋಡಿ ಕಛೇರಿಯಲ್ಲಿ ಮಾಡಿ ತೋರಿಸಿದ್ದೂ ಇದನ್ನೇ.

ಪಿಯಾನೋ ನಿಜವಾಗಿಯೂ ತನ್ನ ಮನೆಯಲ್ಲಿರುವುದು ಚರ್ಚಿನ ಮದುವೆಯಲ್ಲಿ. ಚಿಕ್ಕಬಳ್ಳಾಪುರ ಮಿಷನ್ ಆಸ್ಪತ್ರೆಯ ಊರು, ಅಲ್ಲಿನ ಸಭೆಗೆ ಕೀಬೋರ್ಡ್ ಮತ್ತು ಗಾಯನ ಮಂಡಳಿ ಹೊಸದಲ್ಲ. ವಧು ನಡೆದು ಬರುವಾಗ, ರಿಜಿಸ್ಟರಿಗೆ ಸಹಿ ಹಾಕುವಾಗ, ದಂಪತಿ ಹೊರಡುವಾಗ, ಹೀಗೆ ಸಂಗೀತಕ್ಕೆ ಜಾಗ ಬಿಟ್ಟೇ ಆ ವಿಧಿ ರೂಪುಗೊಂಡಿದೆ. ಅಲ್ಲಿಯೂ ಆಯ್ಕೆ ಎಚ್ಚರದಿಂದ ಆಗಬೇಕು. ವಧು ಬರುವಾಗ ರೂಢಿಯಾಗಿ ನುಡಿಸುವ ವಾಗ್ನರನ ಸ್ವರಮೇಳ 1850ರ ‘ಲೋಹೆನ್‌ಗ್ರಿನ್’ ಸಂಗೀತ ನಾಟಕದ್ದು. ಕತೆಯಲ್ಲಿ ಆ ದಾಂಪತ್ಯ ಅದೇ ರಾತ್ರಿ ಒಡೆಯುತ್ತದೆ. ಮೆಂಡೆಲ್ಸನ್ನನ 1842ರ ಮೆರವಣಿಗೆ ಸಂಗೀತ 1858ರಲ್ಲಿ ವಿಕ್ಟೋರಿಯಾ ರಾಣಿಯ ಮಗಳ ಮದುವೆಯಲ್ಲಿ ನುಡಿಸಿದ ಮೇಲೆ ಲೋಕಪ್ರಸಿದ್ಧವಾಯಿತು. ಇವೆರಡನ್ನೂ ಬಿಟ್ಟು ಸಭೆಯವರಿಗೆ ಬಾಯಿಗೆ ಬರುವ ಕನ್ನಡ ಕೀರ್ತನೆಯ ಧಾಟಿಯನ್ನೇ ಪ್ರವೇಶಕ್ಕೆ ಇಟ್ಟುಕೊಂಡರೆ ಕೂತವರ ಎದೆ ತುಂಬುತ್ತದೆ.

ಮಂತ್ರ ಮಾಂಗಲ್ಯ ಪಿಯಾನೋಗೆ ಒಪ್ಪುವ ಇನ್ನೊಂದು ನೆಲೆ. ಕುವೆಂಪು 1966ರಲ್ಲಿ ಮಗ ತೇಜಸ್ವಿಯ ಮದುವೆಗೆ ರೂಪಿಸಿದ ಸರಳ ವಿಧಾನ ಅದು. ವಿಚಾರವಾದಿ ಎಚ್. ನರಸಿಂಹಯ್ಯನವರ ಹುಟ್ಟೂರಿರುವ ಗೌರಿಬಿದನೂರು ತಾಲ್ಲೂಕಿನಲ್ಲಿ ಅಂಥ ಮದುವೆಯ ಆಲೋಚನೆ ಯಾರಿಗೂ ಪರಕೀಯವಲ್ಲ. ಅಲ್ಲಿ ಗಟ್ಟಿಮೇಳವಿಲ್ಲ. ಓದುವ ಪ್ರಮಾಣ ವಚನಗಳ ನಡುವೆ ಮೌನವಿದೆ. ಒಂದು ವಚನ ಮುಗಿದು ಇನ್ನೊಂದು ತೊಡಗುವ ಮುಂಚೆ ಪಿಯಾನೋ ಮೆಲ್ಲಗೆ ಒಂದು ಭಾವಗೀತೆಯ ಧಾಟಿಯನ್ನು ನೆನಪಿಸಿದರೆ ಆ ಮೌನಕ್ಕೆ ಭಂಗ ಬರುವುದಿಲ್ಲ. ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ಅವರ ಸಂಯೋಜನೆಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ.

ಉಳಿದವರಿಗೆ ಆರತಕ್ಷತೆಯ ಸಂಜೆಯಿದೆ. ನಮ್ಮ ಕಡೆ ಅದು ಸಾಮಾನ್ಯವಾಗಿ ಮುಹೂರ್ತದ ಹಿಂದಿನ ದಿನ. ನೆಂಟರು ಸಾಲಿನಲ್ಲಿ ನಿಂತು, ಫೋಟೊ ತೆಗೆಸಿಕೊಂಡು, ಬಹಳ ದಿನಕ್ಕೆ ಸಿಕ್ಕವರೊಡನೆ ಮಾತಾಡುವ ಹೊತ್ತು. ಅಬ್ಬರದ ಆರ್ಕೆಸ್ಟ್ರಾ ಅಲ್ಲಿ ಮಾತನ್ನೇ ಕೊಲ್ಲುತ್ತದೆ. ರಾಜನ್–ನಾಗೇಂದ್ರರ ಮಾಧುರ್ಯದ ಹಾಡುಗಳನ್ನು ಪಿಯಾನೋದಲ್ಲಿ ಸಣ್ಣಗೆ ಕೇಳಿಸಿದರೆ ಮಾತೂ ಉಳಿಯುತ್ತದೆ, ಹಾಡೂ ಉಳಿಯುತ್ತದೆ.

ವಾದ್ಯದ ಬಗ್ಗೆ ಒಂದು ಎಚ್ಚರಿಕೆ. ನಿಜವಾದ ಗ್ರ್ಯಾಂಡ್ ಪಿಯಾನೋ 300ರಿಂದ 500 ಕೆ.ಜಿ. ತೂಗುತ್ತದೆ, ಒಳಗೆ ಇನ್ನೂರಕ್ಕೂ ಹೆಚ್ಚು ತಂತಿಗಳಿರುತ್ತವೆ, ಸಾಗಿಸಿದ ಮೇಲೆ ಮತ್ತೆ ಶ್ರುತಿ ಮಾಡಬೇಕು. ಒಂದು ಸಂಜೆಗಾಗಿ ಅದನ್ನು ಚಿಂತಾಮಣಿಯ ಛತ್ರಕ್ಕೆ ತರುವವರು ಯಾರೂ ಇಲ್ಲ. ಬರುವುದು ಡಿಜಿಟಲ್ ಪಿಯಾನೋ, ಹಲವು ಬಾರಿ ಗ್ರ್ಯಾಂಡ್ ಆಕಾರದ ಖಾಲಿ ಪೆಟ್ಟಿಗೆಯೊಳಗೆ ಕೂಡಿಸಿದ ಕೀಬೋರ್ಡ್. ಪೆಟ್ಟಿಗೆಗೆ ಹಣ ಕೊಡಬೇಡಿ. ಪೂರ್ತಿ 88 ಮನೆಗಳಿವೆಯೇ, ಒತ್ತಿದ ಬಲಕ್ಕೆ ತಕ್ಕಂತೆ ದನಿ ಬದಲಾಗುತ್ತದೆಯೇ ಎಂದು ವಿಚಾರಿಸಿ. ಕರೆಂಟು ಹೋಗಿ ಜನರೇಟರ್ ಹತ್ತುವವರೆಗೆ ದನಿ ನಿಲ್ಲದಂತೆ ಯುಪಿಎಸ್ ಇರಲಿ. ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ರೇಷ್ಮೆ ಗೂಡನ್ನು ಕೈಯಲ್ಲಿ ಹಿಡಿದು ನೋಡದೆ ಯಾರೂ ಬೆಲೆ ಕಟ್ಟುವುದಿಲ್ಲ. ನುಡಿಸುವವರನ್ನೂ ಎದುರಿಗೆ ಕೂತು ಕೇಳದೆ ಮುಂಗಡ ಕೊಡಬಾರದು.

ನುಡಿಸುವವರನ್ನು ಬೆಂಗಳೂರಿನಿಂದಲೇ ತರಿಸಬೇಕಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಈ ಸೀಮೆಯ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಕಲಿಸುವ ಹಾರ್ಮೋನಿಯಂ ಮೇಷ್ಟ್ರುಗಳಿದ್ದಾರೆ, ಭಜನೆ ಮಂಡಳಿಗಳಿವೆ. ಕೈವಾರದ ತಾತಯ್ಯನವರ ತತ್ವಪದಗಳನ್ನು ತೆಲುಗಿನಲ್ಲೂ ಕನ್ನಡದಲ್ಲೂ ಹಾಡುವವರಿದ್ದಾರೆ, ಗುರುಪೂರ್ಣಿಮೆಯ ಸಂಗೀತೋತ್ಸವಕ್ಕೆ ಕೈವಾರದಲ್ಲಿ ಸೇರುವ ಜನಕ್ಕೆ ಒಳ್ಳೆಯ ಕಿವಿಯಿದೆ. ಮೇಷ್ಟ್ರ ಕೈಗೆ ಮನೆಗಳ ಪರಿಚಯ ಮೊದಲೇ ಉಂಟು. ನಟ ಮಾತು ಮರೆತರೆ ಕಾಯುವುದು, ಕಂದಪದ್ಯ ಎಳೆದರೆ ಜೊತೆಗೆ ಎಳೆಯುವುದು ಅವರಿಗೆ ಅಭ್ಯಾಸ. ಶಾಸ್ತ್ರದ ಜೊತೆ ನಡೆಯಲು ಬೇಕಾದ ಗುಣ ಇದೇ. ಅವರ ಶಿಷ್ಯರಲ್ಲಿ ಒಬ್ಬಿಬ್ಬರು ಪಿಯಾನೋ ಪಾಠವನ್ನೂ ಕಲಿತರೆ ಈ ನಾಲ್ಕು ಊರಿಗೆ ಸಾಕು.

ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಜಿಲ್ಲೆಯೆಲ್ಲ ಹೆಮ್ಮೆಪಟ್ಟಿತು. ಅದೇ ಜಿಲ್ಲೆಯ ಛತ್ರಗಳಲ್ಲಿ ವಾಲಗದವರಿಗೆ ಮೂಲೆಯ ಚಾಪೆ, ಕೊನೆಯ ಪಂಕ್ತಿ. ಪಿಯಾನೋದ ಖರ್ಚು ಹೊಂದಿಸಲು ಮೊದಲು ಕತ್ತರಿ ಬೀಳುವುದೂ ಅವರಿಗೇ. ನಾಲ್ವರ ಮೇಳ ಇಬ್ಬರದಾಗುತ್ತದೆ, ಶ್ರುತಿಗೂ ತಾಳಕ್ಕೂ ಯಂತ್ರ ಬರುತ್ತದೆ. ಇದು ತಪ್ಪು. ಸಂಜೆಗೆ ಪಿಯಾನೋ ಬೇಕಾದರೆ ಖಂಡಿತ ಕರೆಸಿ, ನುಡಿಸುವವರಿಗೆ ಕಾರ್ಯಕ್ರಮದ ಕ್ರಮವನ್ನು ಮೊದಲೇ ಬರೆದು ಕೊಡಿ. ಮುಹೂರ್ತವನ್ನು ಮಾತ್ರ ನಾದಸ್ವರ ಡೋಲಿಗೇ ಬಿಡಿ. ಅವರ ಸಂಭಾವನೆಯಲ್ಲಿ ಒಂದು ರೂಪಾಯಿಯನ್ನೂ ಕಡಿಮೆ ಮಾಡದೆ, ಮಂಟಪ ಚೆನ್ನಾಗಿ ಕಾಣುವ ಕಡೆ ಕೂರಿಸಿ, ಮೊದಲ ಪಂಕ್ತಿಯಲ್ಲೇ ಅವರಿಗೂ ಎಲೆ ಹಾಕಿಸಿ.