ಬರಹದ ವೇಷ ಮತ್ತು ಔಚಿತ್ಯ

ಕಾವ್ಯಕ್ಕೆ ಔಚಿತ್ಯವೇ ಜೀವವೆಂದು ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಕ್ಷೇಮೇಂದ್ರನು ಪ್ರತಿಪಾದಿಸಿದನು. ಈ ತತ್ತ್ವವು ಕಾವ್ಯಕ್ಕೆ ಮಾತ್ರವಲ್ಲ, ಬರಹವು ಓದುಗನ ಕಣ್ಣಿಗೆ ಬೀಳುವ ರೂಪಕ್ಕೂ ಸಲ್ಲತಕ್ಕದ್ದು. 1936ರಲ್ಲಿ ಸ್ಥಾಪಿತವಾದ ಭದ್ರಾವತಿಯ ಕಾಗದದ ಕಾರ್ಖಾನೆಯು ಉತ್ಪಾದನೆಯನ್ನು ನಿಲ್ಲಿಸಿ ವರ್ಷಗಳಾದವು. ಬರೆಯುವವರ ಕೈ ಮಾತ್ರ ನಿಂತಿಲ್ಲ. ನಮ್ಮ ತರುಣರು ಕಥೆ ಕವಿತೆಗಳನ್ನು ಅಂತರಜಾಲದ ಬ್ಲಾಗುಗಳಲ್ಲಿ ತಾವೇ ಪ್ರಕಟಿಸುತ್ತಿರುವರು. ಇದು ಸಂತೋಷದ ಸಂಗತಿಯೇ ಸರಿ. ಆದರೆ ಆ ಬರಹಗಳು ತೊಟ್ಟ ವೇಷವನ್ನು ಕುರಿತು ಎರಡು ಮಾತು ಹೇಳುವುದು ಅವಶ್ಯಕ.

ಇಂತಹ ಬ್ಲಾಗುಗಳಲ್ಲಿ ಅನೇಕಕ್ಕೆ ಆಧಾರವಾದುದು ವರ್ಡ್‌ಪ್ರೆಸ್. 2003ರಲ್ಲಿ ಹೊರಬಂದ ಈ ತಂತ್ರಾಂಶವು ಮುಕ್ತವಾದುದು. ಅದರ ಒಳರಚನೆಯನ್ನು ಯಾರಾದರೂ ಓದಬಹುದು, ತಿದ್ದಬಹುದು, ತಿದ್ದಿದುದನ್ನು ಹಂಚಬಹುದು. ಬರಹವನ್ನು ಮುಟ್ಟದೆ ರೂಪವನ್ನಷ್ಟೇ ಬದಲಿಸುವ ‘ಥೀಮ್’ ಎಂಬ ಏರ್ಪಾಡು 2005ರಲ್ಲಿ ಅದಕ್ಕೆ ಸೇರಿತು.

ದೋಷವಿರುವುದು ಇಲ್ಲಿಯೇ. ಥೀಮುಗಳಲ್ಲಿ ಬಹುಪಾಲು ರೋಮನ್ ಲಿಪಿಯನ್ನು ಮನಸ್ಸಿನಲ್ಲಿಟ್ಟು ರಚಿತವಾದವು. ಕನ್ನಡದ ಅಕ್ಷರವಾದರೋ ಮೇಲೆ ಗುಣಿತವನ್ನು ಹೊತ್ತು, ಕೆಳಗೆ ಒತ್ತನ್ನು ಇಳಿಬಿಟ್ಟು ನಿಲ್ಲುವುದು. ಶೀರ್ಷಿಕೆಯ ಸಾಲಿನೆತ್ತರವು ಅಕ್ಷರದ ಅಳತೆಯ 1.2ರಷ್ಟೇ ಇದ್ದರೆ ಮೇಲಿನ ಸಾಲಿನ ‘ರಾಷ್ಟ್ರ’ದ ಒತ್ತುಗಳು ಕೆಳಗಿನ ಸಾಲಿನ ‘ಕೀರ್ತಿ’ಯ ತಲೆಗೆ ತಗಲುವುವು. ಉದ್ಧೃತ ವಾಕ್ಯಗಳನ್ನು ಓರೆಯಾಗಿಸುವ ರೋಮನ್ ಪದ್ಧತಿಯು ನಮ್ಮ ದುಂಡಕ್ಷರಕ್ಕೆ ಒಪ್ಪುವುದಿಲ್ಲ. ಥೀಮಿನ ಅಕ್ಷರಮಾದರಿಯಲ್ಲಿ ಕನ್ನಡವೇ ಇಲ್ಲದಿದ್ದರೆ ಓದುಗನ ಯಂತ್ರವು ತನ್ನಲ್ಲಿರುವ ಯಾವುದೋ ಒಂದನ್ನು ತಂದು ತುಂಬುವುದು. ಲೇಖಕನು ಕಂಡ ಪುಟವೊಂದು, ಓದುಗನು ಕಾಣುವುದು ಮತ್ತೊಂದು. 2001ರ ವಿಂಡೋಸ್ ಎಕ್ಸ್‌ಪಿಯೊಡನೆ ಬಂದ ಕನ್ನಡ ಅಕ್ಷರಮಾದರಿಗೆ ನಮ್ಮ ಹೊಳೆಯ ಹೆಸರೇ, ‘ತುಂಗಾ’. ಆದರೆ ಅದನ್ನು ನೆಚ್ಚಿದರೆ ಮೊಬೈಲಿನಲ್ಲಿ ಓದುವವನಿಗೆ ಅದು ಸಿಕ್ಕೀತೆಂಬ ಭರವಸೆಯಿಲ್ಲ.

ಪರಿಹಾರವು ಕಷ್ಟವಲ್ಲ. ಮುಕ್ತ ಪರವಾನಗಿಯ ‘ನೋಟೊ ಸೆರಿಫ್ ಕನ್ನಡ’ದಂತಹ ಅಕ್ಷರಮಾದರಿಯನ್ನು ಬ್ಲಾಗಿನೊಡನೆಯೇ ಒದಗಿಸಬೇಕು, ಸಾಲಿನೆತ್ತರವನ್ನು 1.7ರ ಆಸುಪಾಸಿಗೆ ಏರಿಸಬೇಕು, ಓರೆಯನ್ನು ಕೈಬಿಡಬೇಕು. ಆದರೆ ಮೂಲ ಥೀಮನ್ನೇ ತಿದ್ದಕೂಡದು. ಅದರ ಹೊಸ ಆವೃತ್ತಿ ಬಂದೊಡನೆ ತಿದ್ದುಪಡಿಗಳೆಲ್ಲ ಅಳಿಸಿಹೋಗುವುವು. ಮೂಲವನ್ನು ಆಶ್ರಯಿಸಿ ನಿಲ್ಲುವ ‘ಚೈಲ್ಡ್ ಥೀಮ್’ ಒಂದನ್ನು ರಚಿಸಿ ಅದರಲ್ಲಿ ತಿದ್ದುವುದೇ ಕ್ರಮ. ಸೂತ್ರವನ್ನು ಕೆಡಿಸದೆ ವಾರ್ತಿಕವನ್ನು ಬರೆಯುವ ನಮ್ಮ ಶಾಸ್ತ್ರಕಾರರ ಮಾರ್ಗವೂ ಇಂಥದೇ ಅಲ್ಲವೇ?

ಇದಕ್ಕೆ ವಿರುದ್ಧವಾದ ದೋಷವೂ ಉಂಟು. ಸ್ವಾತಂತ್ರ್ಯ ದೊರೆಯಿತೆಂದು ಕೆಂಪು ನೆಲದ ಮೇಲೆ ಹಳದಿ ಅಕ್ಷರ, ಅಂಚಿನಲ್ಲಿ ಓಡಾಡುವ ಚಿತ್ರ, ಪ್ರತಿ ಕವಿತೆಗೂ ಬೇರೊಂದು ಲಿಪಿವಿಲಾಸ! ಅಲಂಕಾರವು ಅಲಂಕಾರ್ಯವನ್ನೇ ಮುಚ್ಚಿದ ಮೇಲೆ ಅದನ್ನು ಅಲಂಕಾರವೆನ್ನುವುದು ಹೇಗೆ?

‘ಅರ್ಥವು ಚೆನ್ನಾಗಿದ್ದರೆ ಸಾಕು, ವೇಷವೇಕೆ?’ ಎಂದು ಕೆಲವರು ಕೇಳಬಹುದು. ಕಣ್ಣು ಮಂದವಾದ ಹಿರಿಯರು ಮೂರನೆಯ ಸಾಲಿನಲ್ಲೇ ಓದನ್ನು ಬಿಟ್ಟರೆ ಆ ಅರ್ಥವು ಯಾರನ್ನು ಮುಟ್ಟೀತು? ಆದುದರಿಂದ ಕನ್ನಡಕ್ಕೆ ಒಪ್ಪುವಂತೆ ಥೀಮನ್ನು ತಿದ್ದಿದವರು ಅದನ್ನು ತಮ್ಮಲ್ಲೇ ಇಟ್ಟುಕೊಳ್ಳದೆ ಇತರರಿಗೂ ಹಂಚಲಿ. ಮುಕ್ತವಾಗಿ ಪಡೆದುದನ್ನು ಮುಕ್ತವಾಗಿ ಕೊಡುವುದೇ ಋಣವಿಮೋಚನೆಯ ದಾರಿ.