ಅಳತೆಗೋಲು ಯಾರ ಕೈಯಲ್ಲಿದೆ?

ಮಾನವಶಾಸ್ತ್ರದಿಂದ ಇವತ್ತು ಯಾರಿಗೇನು ಉಪಯೋಗ ಎಂದು ವಿಚಾರಸಂಕಿರಣಗಳಲ್ಲಿ ಆಗಾಗ ಕೇಳುತ್ತಾರೆ. ಕೇರಿಯಲ್ಲಿ ನಿಂತು ಕೇಳಿದರೆ ಈ ಪ್ರಶ್ನೆಯ ದನಿಯೇ ಬೇರೆ. ಈ ಶಾಸ್ತ್ರ ನಮ್ಮ ಬಾಗಿಲಿಗೆ ಬಂದು ನೂರು ವರ್ಷ ದಾಟಿದೆ. ಮದ್ರಾಸ್ ಪ್ರಾಂತ್ಯದ ಜನರ ತಲೆ, ಮೂಗು ಅಳೆದ ಎಡ್ಗರ್ ಥರ್ಸ್ಟನ್ 1909ರಲ್ಲಿ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಏಳು ಸಂಪುಟ ಹೊರತಂದ. ಆಮೇಲೆ ಮೈಸೂರು ಸಂಸ್ಥಾನದ ಜಾತಿಗಳ ಬಗ್ಗೆ ನಂಜುಂಡಯ್ಯ ಮತ್ತು ಅನಂತಕೃಷ್ಣ ಅಯ್ಯರ್ ಹೆಸರಿನಲ್ಲಿ ನಾಲ್ಕು ಸಂಪುಟಗಳು ಬಂದವು. ನಾವು ಮದುವೆ ಹೇಗೆ ಮಾಡುತ್ತೇವೆ, ಹೆಣ ಹೇಗೆ ಹೂಳುತ್ತೇವೆ, ಯಾವ ದೇವರಿಗೆ ನಡೆದುಕೊಳ್ಳುತ್ತೇವೆ ಅನ್ನೋದೆಲ್ಲ ಇಂಥ ಪುಸ್ತಕಗಳಲ್ಲಿ ಸಿಗುತ್ತದೆ. ಇಂಥ ಜನರನ್ನು ಊರಾಚೆ ಇಟ್ಟವರು ಯಾರು, ಇಟ್ಟದ್ದು ಹೇಗೆ ಎಂಬುದು ಮಾತ್ರ ಈ ಪಟ್ಟಿಗಳ ನಡುಮನೆಗೆ ಬರುವುದೇ ಇಲ್ಲ.

ಆ ಪ್ರಶ್ನೆಯನ್ನು ಕೇಳಿದ್ದು ಇಪ್ಪತ್ತೈದು ವರ್ಷದ ಒಬ್ಬ ವಿದ್ಯಾರ್ಥಿ. 1916ರ ಮೇ 9ರಂದು ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಗೋಲ್ಡನ್‌ವೈಸರ್ ನಡೆಸುತ್ತಿದ್ದ ಮಾನವಶಾಸ್ತ್ರದ ತರಗತಿಯಲ್ಲಿ ಅಂಬೇಡ್ಕರ್ ಭಾರತದ ಜಾತಿಗಳ ಬಗ್ಗೆ ಪ್ರಬಂಧ ಓದಿದರು. ಅವರು ಯಾವೊಂದು ಜಾತಿಯ ಆಚಾರಗಳನ್ನೂ ಪಟ್ಟಿ ಮಾಡಲು ಹೋಗಲಿಲ್ಲ. ಜಾತಿ ಅನ್ನೋದು ತಯಾರಾಗುವ ಬಗೆ ಯಾವುದು ಎಂದು ಹುಡುಕಿದರು. ಒಳಮದುವೆಯೇ ಅದರ ಕೀಲು. ಸತಿ, ಕಡ್ಡಾಯ ವಿಧವೆತನ, ಬಾಲ್ಯವಿವಾಹ ಇವು ಮೂರೂ ಆ ಕೀಲು ಸಡಿಲವಾಗದಂತೆ ಹೂಡಿದ ಉಪಾಯಗಳು. ಮೊದಲು ಬೇಲಿ ಹಾಕಿಕೊಂಡವರು ಬ್ರಾಹ್ಮಣರು, ಅವರನ್ನು ನೋಡಿ ಉಳಿದವರೂ ಹಾಕಿಕೊಂಡರು. ಹೆಣ್ಣಿನ ಮೇಲಿನ ಕಾವಲು ಮತ್ತು ಜಾತಿಯ ಕಾವಲು ಒಂದೇ ಎಂದು ಇಷ್ಟು ನೇರವಾಗಿ ಹೇಳಿದ ಬರಹ ಆ ಕಾಲದಲ್ಲಿ ಅಪರೂಪ. ಮುಂದೆ 1948ರಲ್ಲಿ ಅಸ್ಪೃಶ್ಯರ ಮೂಲ ಕುರಿತು ಬರೆದಾಗಲೂ ಅವರು ಇದೇ ಕೆಲಸ ಮಾಡಿದರು. ಘುರ್ಯೆ ಒದಗಿಸಿದ್ದ ಮೂಗಿನ ಅಳತೆಗಳನ್ನೇ ಎತ್ತಿಕೊಂಡು, ಬ್ರಾಹ್ಮಣರೂ ಅಸ್ಪೃಶ್ಯರೂ ಬೇರೆ ಬೇರೆ ಜನಾಂಗ ಅನ್ನೋ ವಾದ ನಿಲ್ಲುವುದಿಲ್ಲ ಎಂದು ತೋರಿಸಿದರು. ಅಳೆಸಿಕೊಂಡವರ ಕೈಗೆ ಅಳತೆಗೋಲು ಬಂದರೆ ಆಗುವುದು ಇದು.

ಅದೇ 1948ರಲ್ಲಿ ಎಂ.ಎನ್. ಶ್ರೀನಿವಾಸ್ ಮೈಸೂರು ಸೀಮೆಯ ಹಳ್ಳಿಯೊಂದಕ್ಕೆ ಬಂದರು. ಅದನ್ನವರು ರಾಂಪುರ ಎಂದು ಕರೆದರು. ಉಳಿದುಕೊಂಡದ್ದು ಊರಿನ ಯಜಮಾನರಿಗೆ ಸೇರಿದ ಎತ್ತಿನ ಮನೆಯಲ್ಲಿ. 1970ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿ ಬಿದ್ದು ಅವರು ತಿದ್ದಿ ಸಿದ್ಧಪಡಿಸಿಕೊಂಡಿದ್ದ ಟಿಪ್ಪಣಿಗಳು ಸುಟ್ಟುಹೋದವು. ಆಮೇಲೆ ನೆನಪನ್ನೇ ನೆಚ್ಚಿ ಬರೆದ 'ದಿ ರಿಮೆಂಬರ್ಡ್ ವಿಲೇಜ್' 1976ರಲ್ಲಿ ಬಂತು. ಅದು ದೊಡ್ಡ ಪುಸ್ತಕ, ಅದರಲ್ಲಿ ಎರಡು ಮಾತಿಲ್ಲ. ಒಕ್ಕಲು ಮಕ್ಕಳ ದರ್ಪ, ಜಗಳ, ತಮಾಷೆ ಎಲ್ಲ ಅದರಲ್ಲಿ ಜೀವಂತವಾಗಿವೆ. ತಮಗೆ ದಕ್ಕಿದ್ದು ಮೇಲುಜಾತಿಯವರು ಕಂಡ ಊರು ಎಂದು ಶ್ರೀನಿವಾಸರೇ ಒಪ್ಪಿಕೊಂಡಿದ್ದಾರೆ. ಆ ಪ್ರಾಮಾಣಿಕತೆಗೆ ಗೌರವ ಕೊಡೋಣ. ಆದರೆ ಒಪ್ಪಿಕೊಂಡ ಮಾತ್ರಕ್ಕೆ ಕೇರಿ ಪುಸ್ತಕದೊಳಕ್ಕೆ ಬಂದಂತಾಗಲಿಲ್ಲ. ಯಾರ ಜಗಲಿಯಲ್ಲಿ ಕೂತಿದ್ದೆವೋ ಅವರೇ ನೆನಪಿನಲ್ಲಿ ಉಳಿಯುತ್ತಾರೆ.

1952ರಲ್ಲಿ ಅವರು ಮುಂದಿಟ್ಟ 'ಸಂಸ್ಕೃತೀಕರಣ'ದ ಮಾತೂ ಇದೇ ಜಗಲಿಯದು ಅಂತ ನನ್ನ ಗುಮಾನಿ. ಮೇಲಿನವರನ್ನು ಕೆಳಗಿನವರು ಅನುಕರಿಸುವುದನ್ನು ಅಂಬೇಡ್ಕರ್ 1916ರಲ್ಲೇ ಕಂಡಿದ್ದರು. ಅವರಿಗೆ ಅದು ಬೇಲಿ ಹಬ್ಬುವ ರೀತಿಯಾಗಿ ಕಂಡಿತು. ಶ್ರೀನಿವಾಸರಿಗೆ ಅದೇ ಮೆಟ್ಟಿಲು ಹತ್ತುವ ದಾರಿಯಾಯಿತು. ಕಾಲೇಜುಗಳಲ್ಲಿ ನಾವು ಪಾಠ ಹೇಳುವುದು ಎರಡನೆಯದನ್ನು. ಪರೀಕ್ಷೆಗೆ ಬರುವುದೂ ಅದೇ.

ಈ ಜಗಲಿಯ ಚಾಳಿ ನಮ್ಮ ಸಾಹಿತ್ಯ ವಿಮರ್ಶೆಗೂ ಅಂಟಿದೆ. ಸಿದ್ಧಲಿಂಗಯ್ಯನವರ 'ಊರುಕೇರಿ'ಯನ್ನೋ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ'ವನ್ನೋ ಕೈಗೆತ್ತಿಕೊಂಡ ವಿಮರ್ಶಕ ಮೊದಲು ಹುಡುಕುವುದು ಹಸಿವು, ಅವಮಾನ, ಆಚರಣೆಗಳ ಮಾಹಿತಿ. 'ಊರುಕೇರಿ'ಯ ನಗು ಅವನ ಪಟ್ಟಿಯಲ್ಲಿ ಎಲ್ಲಿ ಬರಬೇಕು? ಆ ನಗು ಊರನ್ನು ಅಳೆಯುತ್ತಿದೆ ಅನ್ನೋದು ಹೊಳೆಯದಿದ್ದರೆ, ದಲಿತ ಲೇಖಕ ಮಾಹಿತಿ ಕೊಡುವ ಆಳಾಗಿ ಉಳಿಯುತ್ತಾನೆ, ಅರ್ಥ ಹೇಳುವ ಅಧಿಕಾರ ಮತ್ತೆ ಜಗಲಿಯವರದೇ ಆಗುತ್ತದೆ.

ಹಾಗಾದರೆ ಈ ಶಾಸ್ತ್ರವನ್ನು ತಿಪ್ಪೆಗೆಸೆಯೋಣವೇ? ಬೇಡ. ಅದರ ಅಗತ್ಯ ಈಗ ನಮಗೇ ಹೆಚ್ಚಾಗಿದೆ. ಪರಿಶಿಷ್ಟ ಜಾತಿಗಳಲ್ಲಿ ಒಳವರ್ಗೀಕರಣ ಮಾಡಬಹುದು ಎಂದು 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟು ಹೇಳಿತು. ಕರ್ನಾಟಕದ 101 ಜಾತಿಗಳ ಸ್ಥಿತಿ ತಿಳಿಯಲು 2025ರಲ್ಲಿ ನಾಗಮೋಹನ ದಾಸ್ ಆಯೋಗ ಮನೆ ಮನೆ ಸಮೀಕ್ಷೆ ಮಾಡಿಸಿತು. ಆಗ ದೊಡ್ಡ ತೊಡಕಾದದ್ದು ಹೆಸರುಗಳು. ಆದಿ ಕರ್ನಾಟಕ, ಆದಿ ದ್ರಾವಿಡ ಎಂಬ ಹೆಸರುಗಳಡಿ ಹೊಲೆಯರೂ ಇದ್ದಾರೆ, ಮಾದಿಗರೂ ಇದ್ದಾರೆ. ಒಂದು ಜಿಲ್ಲೆಯಲ್ಲಿ ಒಬ್ಬರದಾದ ಹೆಸರು ಇನ್ನೊಂದು ಜಿಲ್ಲೆಯಲ್ಲಿ ಇನ್ನೊಬ್ಬರದು. ಅವಮಾನದ ಹೆಸರು ಕಳಚಿ ಗೌರವದ ಹೆಸರು ಉಟ್ಟುಕೊಂಡ ಜನ, ಪಾಲು ಬೇಕೆಂದರೆ ಹಳೆಯದನ್ನೇ ಬಾಯಿಬಿಟ್ಟು ಹೇಳಬೇಕಾಯಿತು. ಈ ಸಂಕಟ ಗಣತಿದಾರನ ಕಾಲಮ್ಮಿನಲ್ಲಿ ಹಿಡಿಸುವಂಥದ್ದಲ್ಲ. ಕೇರಿಯಲ್ಲಿ ಕೂತು, ಕೇರಿಯ ಭಾಷೆಯಲ್ಲಿ ಕೇಳಿಸಿಕೊಳ್ಳುವ ಮಾನವಶಾಸ್ತ್ರ ಬೇಕು. ಕೇರಿಯೊಳಗಿನ ಕೇರಿಗಳನ್ನು, ನಾವು ನಾವೇ ಹಾಕಿಕೊಂಡ ಬೇಲಿಗಳನ್ನು ಅದು ಮುಲಾಜಿಲ್ಲದೆ ಹೇಳಬೇಕು. ಇಲ್ಲದಿದ್ದರೆ ಅದೂ ಒಂದು ಜಗಲಿಯೇ.

ಜೊತೆಗೆ ಅದು ಊರಿನತ್ತಲೂ ತಿರುಗಬೇಕು. ನಮ್ಮ ಪಿಎಚ್.ಡಿ. ವಿದ್ಯಾರ್ಥಿಗಳು ಹಾಡಿ, ಕೇರಿ, ತಾಂಡಾಗಳಿಗೆ ಹೋಗುತ್ತಾರೆ. ಬೆಂಗಳೂರಿನಲ್ಲಿ ಬಾಡಿಗೆ ಮನೆ ಕೇಳಲು ಹೋದವರಿಗೆ 'ನೀವು ಯಾವ ಜನ?' ಅನ್ನೋದು ಈಗ 'ನೀವು ವೆಜ್ಜಾ?' ಅಂತ ಆದದ್ದು ಹೇಗೆ? ಮದುವೆ ಜಾಹೀರಾತಿನಲ್ಲಿ ಜಾತಿಯ ಅಡ್ಡಿಯಿಲ್ಲ ಎಂದವರು ಯಾವ ಮನೆಯ ಅಂಗಳದವರೆಗೆ ಹೋಗುತ್ತಾರೆ? ಅಗ್ರಹಾರದ, ಗೌಡಿಕೆಯ, ಅಪಾರ್ಟ್‌ಮೆಂಟಿನ ಕುಲಶಾಸ್ತ್ರೀಯ ಅಧ್ಯಯನವನ್ನು ಕೇರಿಯ ಹುಡುಗಿಯೊಬ್ಬಳು ಕೈಗೊಂಡರೆ ಅವಳನ್ನು ಯಾರು ಒಳಗೆ ಬಿಟ್ಟುಕೊಳ್ಳುತ್ತಾರೆ, ಯಾವ ಬಾಗಿಲಲ್ಲಿ ತಡೆಯುತ್ತಾರೆ ಅನ್ನೋದೇ ಆ ಅಧ್ಯಯನದ ಮೊದಲ ಅಧ್ಯಾಯವಾದೀತು. 1916ರಲ್ಲಿ ಶುರುವಾದ ಕೆಲಸದಲ್ಲಿ ಇಷ್ಟು ಬಾಕಿಯಿದೆ.