ಹದಿಹರೆಯಕ್ಕೊಂದು ಕಪಾಟು

ನಮ್ಮ ಭಾಗದಲ್ಲಿ ನಾನು ನೋಡಿದ ಹೆಚ್ಚಿನ ಗ್ರಂಥಾಲಯಗಳ ಕಥೆ ಒಂದೇ. ಒಂದು ಗೋಡೆಗೆ ಬಣ್ಣದ ಚಿತ್ರಗಳ ಮಕ್ಕಳ ಪುಸ್ತಕ, ಎದುರಿನ ಗೋಡೆಗೆ ಪಿಡಿಒ, ಪೊಲೀಸ್ ಕಾನ್‌ಸ್ಟೇಬಲ್, ಎಫ್‌ಡಿಎ ಪರೀಕ್ಷೆಯ ಗೈಡುಗಳು. ಎಂಟನೇ ಇಯತ್ತೆಯಿಂದ ಪಿಯುಸಿವರೆಗಿನ ಹುಡುಗ ಹುಡುಗಿಯರು ಇವೆರಡರ ನಡುವೆ ನಿಂತಿರುತ್ತಾರೆ. ಆನೆ, ಇಲಿಯ ಕಥೆ ಓದುವ ವಯಸ್ಸು ಅವರದು ದಾಟಿದೆ, ಗೈಡು ಹಿಡಿಯುವ ವಯಸ್ಸು ಇನ್ನೂ ಬಂದಿಲ್ಲ. ಏಪ್ರಿಲ್ ಎರಡನೇ ವಾರಕ್ಕೆ ಶಾಲೆಗೆ ಬೀಗ ಬಿದ್ದರೆ ತೆಗೆಯುವುದು ಮೇ ಕೊನೆಗೆ. ಅಷ್ಟೂ ದಿನ ಅವರ ಕೈಗೆ ಸಿಗುವುದು ಮೊಬೈಲ್ ಒಂದೇ. ಈ ವಾರ ಅವರ ಓದಿನ ಬಗ್ಗೆಯೇ ಬರೆಯುತ್ತೇನೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಮಕ್ಕಳಿಗೆ ಈ ಬೇಸಿಗೆಯಲ್ಲಿ ಮೊದಲು ಕೊಡಬೇಕಾದದ್ದು ಅವರದೇ ಮಣ್ಣಿನ ಪುಸ್ತಕ, ಕೊಡಬೇಕಾದ ಬಗೆ ಗಟ್ಟಿ ಓದು.

ವ್ಯವಸ್ಥೆ ಇಲ್ಲವೆಂದು ದೂರುವಂತಿಲ್ಲ. 2019ರಲ್ಲಿ ಹಳ್ಳಿಯ ಗ್ರಂಥಾಲಯಗಳು ಪಂಚಾಯತ್ ರಾಜ್ ಇಲಾಖೆಯ ಕೈಗೆ ಬಂದವು. ಮರುವರ್ಷ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಪುಕ್ಕಟೆಯಾಯಿತು. ಈಗ ಬೋರ್ಡಿನ ಮೇಲೆ ‘ಅರಿವು ಕೇಂದ್ರ’ ಎಂದಿದೆ. ಎಷ್ಟೋ ಕಡೆ ರಜೆಯ ಶಿಬಿರವೂ ನಡೆಯುತ್ತದೆ. ಆದರೆ ಶಿಬಿರವೆಂದರೆ ಚಿತ್ರ ಬಿಡಿಸುವುದು, ಗೀಗೀ ಪದ, ರಸಪ್ರಶ್ನೆ, ಕೊನೆಗೊಂದು ಪ್ರಮಾಣಪತ್ರ. ಪುಸ್ತಕ ಮಾತ್ರ ಕಪಾಟಿನಲ್ಲಿ, ಕಪಾಟಿನ ಕೀಲಿ ಇನ್ಯಾರದೋ ಕಿಸೆಯಲ್ಲಿ.

ಹೊತ್ತಿನ ಮಾತು ಮೊದಲು ಮುಗಿಸುತ್ತೇನೆ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಸರ್ಕಾರಿ ಕಚೇರಿಗಳೇ ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುವಾಗ, ಮಕ್ಕಳನ್ನು ಹನ್ನೊಂದಕ್ಕೆ ಕರೆದರೆ ಯಾರು ಬಂದಾರು? ಏಳೂವರೆಗೆ ಬಾಗಿಲು ತೆಗೆಯಬೇಕು, ಹತ್ತಕ್ಕೆ ಮನೆಗೆ ಕಳಿಸಬೇಕು. ನೀರು, ಕಸ, ತಮ್ಮ ತಂಗಿಯರ ಜವಾಬ್ದಾರಿಯಲ್ಲಿ ಸಿಕ್ಕ ಹೆಣ್ಣುಮಕ್ಕಳಿಗೆ ಅಷ್ಟೂ ಬಿಡುವಾಗದು. ಅವರು ಪುಸ್ತಕ ಮನೆಗೆ ಒಯ್ಯಲು ಬಿಡಬೇಕು, ಹರಿದೀತು ಎಂಬ ಅಂಜಿಕೆ ಬಿಡಬೇಕು. ಹರಿದ ಪುಸ್ತಕ ಎಂದರೆ ಓದಿದ ಪುಸ್ತಕ.

ಇನ್ನು ಪುಸ್ತಕಗಳು. ಇಂಡಿಯ ಮಕ್ಕಳಿಗೆ ನಾನು ಕಣ್ಣು ಮುಚ್ಚಿ ಕೊಡುವ ಪುಸ್ತಕ ‘ಗರತಿಯ ಹಾಡು’. 1931ರಲ್ಲಿ ಬಂದದ್ದು. ಹಲಸಂಗಿಯ ಚೆನ್ನಮಲ್ಲಪ್ಪ, ಲಿಂಗಪ್ಪ, ರೇವಪ್ಪ ಎಂಬ ಮೂವರು ಗೆಳೆಯರು ಕೂಡಿಸಿದ್ದು. ಚೆನ್ನಮಲ್ಲಪ್ಪ ಮುಂದೆ ಮಧುರಚೆನ್ನ ಎಂದು ಹೆಸರಾದರು, ಲಿಂಗಪ್ಪ ಎಂದರೆ ಚಡಚಣದ ಸಿಂಪಿ ಲಿಂಗಣ್ಣ. ಪುಸ್ತಕ ಬಂದಾಗ ಮಧುರಚೆನ್ನರಿಗೆ 28, ಸಿಂಪಿಯವರಿಗೆ 26. ಹಾಡು ಹುಡುಕುತ್ತ ಅಡ್ಡಾಡಿದ್ದು ಅದಕ್ಕೂ ಮೊದಲು. ಅಂದರೆ ಇದು ವಯಸ್ಸಾದ ಪಂಡಿತರ ಕೆಲಸವಲ್ಲ, ಹಳ್ಳಿಯ ತರುಣರು ಬೀಸುವ ಕಲ್ಲಿನ ಮುಂದೆ ಕುಳಿತು ಕಿವಿಗೊಟ್ಟು ಬರೆದುಕೊಂಡದ್ದು. ಇವರ ನಂತರವೇ ಕನ್ನಡದ ಓದುಬಲ್ಲವರು ಜನಪದ ತ್ರಿಪದಿಯನ್ನು ಕಾವ್ಯವೆಂದು ತಲೆಬಾಗಿ ಓದತೊಡಗಿದ್ದು ಎಂದರೆ ಹೆಚ್ಚಾಗದು. ಹದಿನಾರರ ಹುಡುಗನಿಗೆ ಇದನ್ನು ಹೇಳಿದರೆ ಅವನ ಬೆನ್ನು ನೆಟ್ಟಗಾಗುತ್ತದೆ.

ಹೋದ ಬೇಸಿಗೆಯಲ್ಲಿ ಇಂಡಿ ಕಡೆಯ ಒಂದು ಊರಿನಲ್ಲಿ ಇದನ್ನೇ ಓದಿಸಿದೆವು. ದಿನಕ್ಕೆ ಹತ್ತೇ ತ್ರಿಪದಿ. ಒಬ್ಬಳು ಗಟ್ಟಿಯಾಗಿ ಓದುವುದು, ಉಳಿದವರು ಕೇಳುವುದು, ಮೆಚ್ಚಿದ ಒಂದನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡು ಮನೆಗೆ ಹೋಗಿ ಆಯಿಯ ಮುಂದೆ ಓದುವುದು. ಮರುದಿನ ಒಂಬತ್ತನೇ ಇಯತ್ತೆಯ ಹುಡುಗಿ ಬಂದವಳೇ ಹೇಳಿದಳು: “ಸರ್, ನಮ್ಮ ಆಯಿ ಇದು ತಪ್ಪೈತಿ ಅಂದ್ಳ್ರಿ. ನಾವು ಹಿಂಗ ಹಾಡತಿದ್ದಿಲ್ಲ, ಮೂರನೇ ಸಾಲು ಬ್ಯಾರೆ ಐತಿ ಅಂದ್ಳು.” ನೋಟ್‌ಬುಕ್ಕಿನ ಬಲಪುಟದಲ್ಲಿ ಪುಸ್ತಕದ ಸಾಲು, ಎಡಪುಟದಲ್ಲಿ ಆಯಿಯ ಸಾಲು. ಆಯಿಯ ಸಾಲಿನಲ್ಲಿ ಅವರೂರ ಹಳ್ಳದ ಹೆಸರೇ ಬಂದಿತ್ತು. ಆ ದಿನದಿಂದ ಎಲ್ಲರೂ ಎಡಪುಟ ತುಂಬಲು ಪೈಪೋಟಿಗೆ ಬಿದ್ದರು. ಪಾಠಾಂತರ ಎಂಬ ಪಾಂಡಿತ್ಯದ ಸಂಗತಿ ಯಾರೂ ಕಲಿಸದೆ ಅವರಿಗೆ ಸಿಕ್ಕಿತು. ಹಾಡು ಗೊತ್ತಿರುವ ಕೊರಳುಗಳು ಈಗ ತೀರ ಮುಪ್ಪಾಗಿವೆ, ಬೀಸುವ ಕಲ್ಲು ಮನೆಯಿಂದ ಹೊರಗೆ ಬಿದ್ದು ಎಷ್ಟೋ ಕಾಲವಾಯಿತು. ಹಾಗಾಗಿ ಈ ಕೆಲಸ ಮುಂದಿನ ವರ್ಷಕ್ಕೆ ದೂಡುವಂಥದ್ದಲ್ಲ.

ಮುದ್ದೇಬಿಹಾಳದ ಕಪಾಟಿಗೆ ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ ಬೇಕೇ ಬೇಕು. ಮಾಲಗತ್ತಿ ಹುಟ್ಟಿದ್ದು ಮುದ್ದೇಬಿಹಾಳದಲ್ಲಿ, 1956ರಲ್ಲಿ. ದಲಿತ ಹುಡುಗನೊಬ್ಬ ಊರಿನಲ್ಲೂ ಶಾಲೆಯಲ್ಲೂ ಕಂಡುಂಡದ್ದನ್ನು ಬಿಡಿ ಬಿಡಿ ನೆನಪುಗಳಾಗಿ ಬರೆದ ಆತ್ಮಕಥನ, 1994ರದ್ದು. ಅಧ್ಯಾಯಗಳು ಒಮ್ಮೆ ಕೂತರೆ ಮುಗಿಯುವಷ್ಟು ಚಿಕ್ಕವು, ಭಾಷೆ ಮಕ್ಕಳ ಬಾಯಲ್ಲಿರುವ ಭಾಷೆಗೆ ಹತ್ತಿರ. ಇಂಥ ಪುಸ್ತಕವನ್ನು ಮಕ್ಕಳಿಗೆ ಕೊಡಬಹುದೇ ಎಂದು ಹಿಂಜರಿಯುವ ಹಿರಿಯರಿದ್ದಾರೆ. ಕೊಡಬೇಕು ಎಂಬುದೇ ನನ್ನ ಮಾತು. ಹದಿನಾಲ್ಕರ ಮಕ್ಕಳಿಗೆ ಊರಿನ ಈ ಸಂಗತಿಗಳು ಗೊತ್ತಿಲ್ಲವೆಂದು ತಿಳಿಯುವುದೇ ತಪ್ಪು. ಗೊತ್ತಿದೆ, ಮಾತಾಡಲು ಜಾಗ ಸಿಕ್ಕಿಲ್ಲ. ಆದರೆ ಓದಿಸುವವರು ಒಂದು ಎಚ್ಚರ ಇಟ್ಟುಕೊಳ್ಳಬೇಕು. ಅಧ್ಯಾಯ ಮುಗಿದ ಕೂಡಲೇ ‘ನಿನಗೂ ಹೀಗಾಗಿದೆಯಾ’ ಎಂದು ಯಾವ ಮಗುವಿನ ಕಡೆಗೂ ತಿರುಗಬಾರದು. ಸುಮ್ಮನೆ ಕೂಡಲು ಬಿಡಿ, ಮಾತು ತಾನಾಗಿ ಬರುತ್ತದೆ. ಬರದಿದ್ದರೂ ಓದು ತನ್ನ ಕೆಲಸ ಮಾಡಿರುತ್ತದೆ.

ಇದೇ ತಾಲ್ಲೂಕಿನಲ್ಲಿ ರಕ್ಕಸಗಿ ಇದೆ, ತಂಗಡಗಿ ಇದೆ. ಈ ಊರುಗಳ ಹೆಸರು ಹೊತ್ತ 1565ರ ಯುದ್ಧವನ್ನು ಮಕ್ಕಳು ಪಠ್ಯದಲ್ಲಿ ‘ತಾಳಿಕೋಟೆ ಯುದ್ಧ’ ಎಂದು ಎರಡು ಅಂಕದ ಪ್ರಶ್ನೆಗಾಗಿ ಬಾಯಿಪಾಠ ಮಾಡುತ್ತಾರೆ. ಗಿರೀಶ ಕಾರ್ನಾಡರು 2018ರಲ್ಲಿ ‘ರಾಕ್ಷಸ-ತಂಗಡಿ’ ನಾಟಕ ಬರೆದರು, ಅವರ ಕೊನೆಯ ನಾಟಕಗಳಲ್ಲೊಂದು. ಪಾತ್ರ ಹಂಚಿ ಓದಿಸಲು ಇದಕ್ಕಿಂತ ಒಳ್ಳೆಯದು ನನಗೆ ಕಂಡಿಲ್ಲ. ರಂಗಸಜ್ಜಿಕೆ ಬೇಡ, ವೇಷ ಬೇಡ. ಐದಾರು ಪ್ರತಿ ಸಾಕು. ಒಬ್ಬ ಅಳಿಯ ರಾಮರಾಯ, ಇನ್ನೊಬ್ಬ ಆದಿಲ್‌ಶಾಹ. ಮರುದಿನ ಪಾತ್ರ ಅದಲು ಬದಲು. ನಿನ್ನೆ ಬೈದ ಮಾತನ್ನು ಇಂದು ಕೇಳಿಸಿಕೊಳ್ಳಬೇಕಾದ ಹುಡುಗನಿಗೆ, ಇತಿಹಾಸವನ್ನು ಒಂದೇ ಕಡೆಯಿಂದ ನೋಡಲಾಗದು ಎಂಬುದನ್ನು ಬೇರೆ ವಿವರಿಸಬೇಕಿಲ್ಲ.

ಬಸವನ ಬಾಗೇವಾಡಿಯಲ್ಲಿ ರಜೆಯ ನಡುವೆಯೇ ಬಸವ ಜಯಂತಿ ಬರುತ್ತದೆ, ಜೊತೆಗೆ ವಚನ ಕಂಠಪಾಠ ಸ್ಪರ್ಧೆ. ಸ್ಪರ್ಧೆ ನಡೆಯಲಿ. ಆದರೆ ಆ ವಚನಗಳು ಅಚ್ಚಿನಲ್ಲಿ ನಮ್ಮ ಕೈಗೆ ಹೇಗೆ ಬಂದವೆಂದು ಅದೇ ವಾರ ಮಕ್ಕಳಿಗೆ ಹೇಳಬೇಕು. ವಿಜಯಪುರದ ವಕೀಲರಾದ ಫ.ಗು. ಹಳಕಟ್ಟಿ ಮನೆಮನೆ ತಿರುಗಿ ತಾಳೆಗರಿ ಕೂಡಿಸಿದರು, 1923ರಲ್ಲಿ ‘ವಚನಶಾಸ್ತ್ರ ಸಾರ’ ತಂದರು, ಸ್ವಂತ ಮನೆ ಮಾರಿ ‘ಹಿತಚಿಂತಕ’ ಮುದ್ರಣಾಲಯ ಹಾಕಿದರು. ಹರೆಯದವರಿಗೆ ಹಟ ಅರ್ಥವಾಗುತ್ತದೆ, ಹಳಕಟ್ಟಿಯವರದು ಅಂಥ ಹಟ.

ಕೃಷ್ಣೆಯ ದಂಡೆಯ ಊರುಗಳಿಗೆ ನಾ. ಡಿಸೋಜರ ‘ಮುಳುಗಡೆಯ ಊರಿಗೆ ಬಂದವರು’ ಕೊಡಿ. ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಪಡೆದ ಈ ಕಾದಂಬರಿ ಮಲೆನಾಡಿನದು. ಆದರೆ ಆಲಮಟ್ಟಿ ಹಿನ್ನೀರಿಗೆ ಹೊಲಮನಿ ಬಿಟ್ಟು ಪುನರ್ವಸತಿ ಕೇಂದ್ರಕ್ಕೆ ಬಂದವರ ಮೊಮ್ಮಕ್ಕಳು ಇದನ್ನು ಪರವೂರಿನ ಕಥೆಯಾಗಿ ಓದಲಾರರು. ಓದಿ ಮುಗಿದ ಮೇಲೆ ಅಜ್ಜನನ್ನು ಕೇಳಿ ಹಳೆಯ ಊರಿನ ನಕ್ಷೆ ಬರೆಯಲಿ: ಗುಡಿ ಎಲ್ಲಿತ್ತು, ಬಾವಿ ಎಲ್ಲಿತ್ತು, ಅಗಸಿ ಯಾವ ದಿಕ್ಕಿಗಿತ್ತು.

ಸಿಂದಗಿಗೆ ಎಂ.ಎಂ. ಕಲಬುರ್ಗಿಯವರಿದ್ದಾರೆ, ಆ ತಾಲ್ಲೂಕಿನ ಯರಗಲ್ಲಿನವರು. ಅವರ ‘ಮಾರ್ಗ’ ಸಂಪುಟಗಳು ಈ ವಯಸ್ಸಿಗೆ ಭಾರ. ‘ಕೆಟ್ಟಿತ್ತು ಕಲ್ಯಾಣ’ ನಾಟಕ ಹಿಡಿಸುತ್ತದೆ. ಶಾಸನಗಳಲ್ಲಿ ಊರುಗಳ ಚರಿತ್ರೆ ಹುಡುಕಿದ ವಿದ್ವಾಂಸರ ಊರಿನ ಮಕ್ಕಳು, ತಮ್ಮ ಹಣಮಪ್ಪನ ಗುಡಿಯ ಮುಂದಿನ ಕಲ್ಲನ್ನು ಒಮ್ಮೆ ತೊಳೆದು ನೋಡಲಿ.

ಊರಿನ ಪುಸ್ತಕ ಎಂದು ಊರಲ್ಲೇ ಕಟ್ಟಿಹಾಕುವ ಆಸೆ ನನಗಿಲ್ಲ. ಮರವೇ ವಿರಳವಾದ ಎರೆಭೂಮಿಯ ಹುಡುಗನಿಗೆ ತೇಜಸ್ವಿಯವರ ‘ಕರ್ವಾಲೊ’ದ ಕಾಡು ಬೇರೊಂದು ದೇಶ, ಹಾರುವ ಓತಿ ಅದರ ದೊರೆ. ವಿ. ಗಾಯತ್ರಿ ಅನುವಾದಿಸಿದ ‘ತೊತ್ತೋ-ಚಾನ್’ನಲ್ಲಿ ಶಾಲೆಯೇ ರೈಲು ಡಬ್ಬಿಯಲ್ಲಿ ನಡೆಯುತ್ತದೆ. ತಮ್ಮೂರಿನ ಪುಸ್ತಕದಲ್ಲಿ ತಮ್ಮನ್ನು ಕಂಡವರು ಜಪಾನಿನ ಪುಸ್ತಕದಲ್ಲೂ ಕಾಣುತ್ತಾರೆ; ತಿರುಗುಮುರುಗಾಗಿ ಹೊರಟರೆ ಓದು ಪರೀಕ್ಷೆಯಂತೆ ಆಗಿಬಿಡುತ್ತದೆ.

ಗಟ್ಟಿ ಓದಿಗೆ ನಾನು ಇಷ್ಟು ಜೋತುಬೀಳುವುದಕ್ಕೆ ಇನ್ನೊಂದು ಕಾರಣವಿದೆ. ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಗುಳೆ ಹೋದ ಕುಟುಂಬಗಳು ಊರಿಗೆ ಮರಳುವುದು ಬೇಸಿಗೆಗೇ. ಅವರ ಮಕ್ಕಳ ಅರ್ಧ ವರ್ಷದ ಶಾಲೆ ತಪ್ಪಿರುತ್ತದೆ. ತಾಂಡಾದ ಮಕ್ಕಳಿಗೆ ಮನೆಮಾತೂ ಬೇರೆ. ಹದಿಮೂರರ ಹುಡುಗನಿಗೆ ನಾಲ್ಕನೇ ಇಯತ್ತೆಯ ಪುಸ್ತಕ ಕೊಟ್ಟರೆ ಅವನು ಮತ್ತೆ ಬರುವುದಿಲ್ಲ, ನಾಚಿಕೆಯಾಗುತ್ತದೆ. ಅದೇ ಹುಡುಗ ‘ಕರ್ವಾಲೊ’ ಕೇಳುತ್ತ ಕೂಡಬಲ್ಲ, ಮಂದಣ್ಣನ ಪಡಿಪಾಟಲಿಗೆ ಎಲ್ಲರೊಡನೆ ನಗಬಲ್ಲ. ಅಕ್ಷರ ಹಿಂದೆ ಬಿದ್ದಿರಬಹುದು, ಬುದ್ಧಿ ಹಿಂದೆ ಬಿದ್ದಿಲ್ಲ.

ಗ್ರಂಥಾಲಯದ ಮೇಲ್ವಿಚಾರಕರಿಗೆ ನನ್ನದೊಂದು ಕೋರಿಕೆ. ಮೇ ಕೊನೆಯ ವಾರ ಸಮಾರೋಪದ ಭಾಷಣ ಮೊಟಕು ಮಾಡಿ, ಓದಿದ ಮಕ್ಕಳ ಮುಂದೆ ಒಂದು ಖಾಲಿ ಹಾಳೆ ಇಡಿ. ಮುಂದಿನ ಖರೀದಿಯಲ್ಲಿ ಯಾವ ಪುಸ್ತಕ ಬೇಕೆಂದು ಅವರೇ ಬರೆಯಲಿ. 1965ರ ಗ್ರಂಥಾಲಯ ಕಾಯ್ದೆ ಬಂದಾಗಿನಿಂದ ಈ ನಾಡಿನ ಜನ ತೆರಿಗೆಯ ಜೊತೆ ಗ್ರಂಥಾಲಯ ಕರ ಕಟ್ಟುತ್ತ ಬಂದಿದ್ದಾರೆ. ಆ ಹಾಳೆ ಪಂಚಾಯಿತಿ ಸಭೆಯ ಮೇಜಿನ ಮೇಲೆ ಬರಲಿ, ಅದರಲ್ಲಿ ಹತ್ತು ಹೆಸರಾದರೂ ದೀಪಾವಳಿಯೊಳಗೆ ಕಪಾಟಿಗೆ ಬರಲಿ.